ಹತ್ತೊಂಬತ್ತು ವರ್ಷ ತಡವಾಗಿ ಬಂದ ನೋವು

ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು ಹಾಲಿನ ವ್ಯಾನಿನ ಹಿಂಬದಿಗೆ ಮುತ್ತಿಡಲು ಒಂದು ಗೇಣು ಬಾಕಿ ಇರುವಾಗ ನಿಂತಿತು. ನಿಲ್ಲಿಸಿದ್ದು ಸ್ಟಿಯರಿಂಗ್ ಹಿಡಿದಿದ್ದ ಬ್ಯಾಂಕಿನ ಕ್ಯಾಷಿಯರ್ ಅಲ್ಲ. ಆಕೆ ಕಣ್ಣು ಮುಚ್ಚಿಕೊಂಡು ಎರಡು ಸೆಕೆಂಡಾಗಿತ್ತು. ನಿಲ್ಲಿಸಿದ್ದು ಪಕ್ಕದ ಸೀಟಿನ ಬ್ರೇಕಕ್ಕ. ಕಲಿಸುವವರ ಕಾಲ ಬುಡದಲ್ಲಿ ಇನ್ನೊಂದು ಬ್ರೇಕ್ ಇರುತ್ತದೆ. ಹದಿನಾರು ವರ್ಷದಿಂದ ಅದನ್ನು ತುಳಿದು ತುಳಿದು, ತಂದೆತಾಯಿ ಇಟ್ಟ ಹೆಸರು ಅಳಿಸಿಹೋಗಿ ಆಕೆ ಊರಿಗೆಲ್ಲ ಬ್ರೇಕಕ್ಕ ಆಗಿದ್ದಳು.

"ಸತ್ತೇ ಹೋದ್ವಿ ಅಂದ್ಕೊಂಡೆ ಅಕ್ಕ," ಎಂದಳು ಕ್ಯಾಷಿಯರ್, ಒಂದು ಕಣ್ಣು ತೆರೆದು.

"ಸತ್ತಿದ್ರೆ ನಾನೇ ಹೇಳ್ತಿದ್ದೆ. ಇಂಡಿಕೇಟರ್ ಹಾಕು. ಪಕ್ಕಕ್ಕೆ ತಗೋ."

ಕಾರು ಮರದ ನೆರಳಿಗೆ ಬಂದು ನಿಂತಿತು. ಬ್ರೇಕಕ್ಕ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಆಕೆಗೊಂದು ಕೊಟ್ಟು ತಾನೊಂದು ತೆಗೆದುಕೊಂಡಳು. ಮುಖದಲ್ಲಿ ಗಾಬರಿಯ ಗೆರೆಯಿಲ್ಲ. ಹಾಲಿನ ವ್ಯಾನಿನವನು ಇಳಿದು ಬಂದು ಬಾಯಿ ತುಂಬ ಬೈದು ಹೋದ. ಆಗಲೂ ಇಲ್ಲ.

"ಈಗೇನು ಮಾಡ್ಬೇಕು ಅಕ್ಕ?"

"ಕಾಯ್ಬೇಕು."

"ಯಾರಿಗೆ?"

"ಭಯಕ್ಕೆ."

ಕ್ಯಾಷಿಯರ್ ಕಿಟಕಿಯಿಂದ ಆಚೆ ಈಚೆ ನೋಡಿದಳು, ಭಯ ಎಂಬವರು ಯಾವ ದಿಕ್ಕಿನಿಂದ ಬರುತ್ತಾರೋ ಎಂಬಂತೆ. ನಾಲ್ಕು ನಿಮಿಷದ ಮೇಲೆ ಬ್ರೇಕಕ್ಕನ ಕೈಯ ಬಿಸ್ಕತ್ತು ಸಣ್ಣಗೆ ನಡುಗಿತು. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, ಬಸ್ಸು ಬಂದದ್ದನ್ನು ಹೇಳುವಷ್ಟೇ ಸಾದಾ ದನಿಯಲ್ಲಿ, "ಹಾಂ, ಬಂತು," ಎಂದಳು. ಅಷ್ಟರಲ್ಲಿ ಕ್ಯಾಷಿಯರ್ ತನಗೆ ಬಂದ ಭಯ ಹೋಗಿ, ಹಸಿವೂ ಆಗಿ, ಎರಡನೇ ಬಿಸ್ಕತ್ತಿಗೆ ಕೈ ಹಾಕಿದ್ದಳು.

ಈ ಕಾಯುವುದನ್ನು ಊರಿನವರು ದೊಡ್ಡ ವಿದ್ಯೆ ಎಂದುಕೊಂಡಿದ್ದರು. ಸ್ಕೂಲಿನ ಮಾಲೀಕ ಕರಪತ್ರದಲ್ಲಿ 'ಐದು ನಿಮಿಷದ ವಿರಾಮ ಪದ್ಧತಿ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದ. ಉಳಿದ ಮೂವರು ಕಲಿಸುವವರೂ ಅಪಘಾತ ಒಂದು ಗೇಣಿನಲ್ಲಿ ತಪ್ಪಿದಾಗೆಲ್ಲ ಕಾರು ಪಕ್ಕಕ್ಕೆ ಹಾಕಿ, ಯಾಕೆಂದು ಗೊತ್ತಿಲ್ಲದೆ ಗಡಿಯಾರ ನೋಡುತ್ತ ಬಿಸ್ಕತ್ತು ತಿನ್ನುತ್ತಿದ್ದರು. ಅದು ಪದ್ಧತಿಯೂ ಅಲ್ಲ, ಮಣ್ಣೂ ಅಲ್ಲ ಎಂಬುದು ಗೊತ್ತಿದ್ದದ್ದು ಮೂರೇ ಜನಕ್ಕೆ: ಬ್ರೇಕಕ್ಕನಿಗೆ, ಕನ್ನಡಕದ ಅಂಗಡಿಯ ಅವಳ ಗಂಡನಿಗೆ, ಮತ್ತು ಹೃದಯದ ಡಾಕ್ಟರಿಗೆ.

ಅವಳ ಎದೆಯಲ್ಲಿದ್ದದ್ದು ಅವಳ ಹೃದಯವಲ್ಲ. ಮೂವತ್ತಮೂರನೇ ವಯಸ್ಸಿನಲ್ಲಿ ಒಂದು ವೈರಸ್ ಜ್ವರ ಬಂದು ಹೋಗುವಾಗ ಅವಳ ಹೃದಯವನ್ನು ಹಳೇ ಚೀಲದಂತೆ ಜೋಲು ಬೀಳಿಸಿ ಹೋಗಿತ್ತು. ಎಂಟು ತಿಂಗಳು ಆಸ್ಪತ್ರೆಯ ಹಾಸಿಗೆಯಲ್ಲಿ ಕಾದ ಮೇಲೆ, ಯಾರದೋ ಹೃದಯ ಬಂತು. ಆ ಯಾರೋ ಯಾರು ಎಂದು ಹೇಳುವುದಿಲ್ಲ. ಕೇಳುವ ಹಾಗೂ ಇಲ್ಲ. ಅವಳು ಅದನ್ನು 'ಬಾಡಿಗೆಯವನು' ಎಂದು ಕರೆದಳು. ಬಾಡಿಗೆಯವನು ಒಳ್ಳೆಯವನು. ಹೊತ್ತಿಗೆ ಸರಿಯಾಗಿ ಗುಳಿಗೆ ಕೊಟ್ಟರೆ ತಕರಾರಿಲ್ಲ. ಒಂದೇ ತೊಂದರೆ, ಮನೆಯವರ ಜೊತೆ ಮಾತಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ದೊಡ್ಡ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಯಾರೂ ಹೊಲಿಯುವುದಿಲ್ಲ. ಅವು ಕತ್ತರಿಸಿದಲ್ಲೇ ಉಳಿಯುತ್ತವೆ. ಹಾಗಾಗಿ ತಲೆಗೆ ಹೆದರಿಕೆಯಾದರೆ ಆ ಸುದ್ದಿ ಹೃದಯಕ್ಕೆ ತಂತಿಯಲ್ಲಿ ಹೋಗುವುದಿಲ್ಲ. ರಕ್ತದಲ್ಲಿ ಕರಗಿ, ಅಂಚೆಯಣ್ಣನ ಹಾಗೆ ಮನೆ ಮನೆ ಸುತ್ತಿ, ನಾಲ್ಕೈದು ನಿಮಿಷ ತಡವಾಗಿ ತಲುಪುತ್ತದೆ. ಹೊಡೆದುಕೊಳ್ಳಲು ಶುರು ಮಾಡಿದ ಹೃದಯ ನಿಲ್ಲುವುದೂ ಅಷ್ಟೇ ತಡ.

ಮನೆಯಲ್ಲಿ ಇದರಿಂದ ನಾನಾ ಫಜೀತಿ. ಗಂಡನ ಮೇಲೆ ರೇಗಿದರೆ, ಜಗಳ ಮುಗಿದು, ಅವನು ಸೋತೆನೆಂದು ಒಪ್ಪಿ, ಇಬ್ಬರೂ ಊಟಕ್ಕೆ ಕೂತ ಮೇಲೆ ಅವಳ ಎದೆ ಜಗಳಕ್ಕೆ ತಯಾರಾಗಿ ಬರುತ್ತಿತ್ತು.

"ಮುಗೀತಲ್ಲೇ ಮಾರಾಯ್ತಿ, ಮತ್ತೆ ಯಾಕೆ ಮುಖ ಕೆಂಪು?" ಎನ್ನುತ್ತಿದ್ದ ಕನ್ನಡಕದವನು.

"ನಂದು ಮುಗೀತು ರೀ. ಬಾಡಿಗೆಯವನಿಗೆ ಈಗ ಗೊತ್ತಾಯ್ತಂತೆ."

ಡ್ರೈವಿಂಗ್ ಕಲಿಸುವ ಕೆಲಸಕ್ಕೆ ಮಾತ್ರ ಅಂಥ ಎದೆಯನ್ನು ಆರ್ಡರ್ ಕೊಟ್ಟು ಮಾಡಿಸಿದ ಹಾಗಿತ್ತು. ಎದುರಿಗೆ ಲಾರಿ ಬರುತ್ತಿರುವಾಗ ಕಾಲು ಬ್ರೇಕಿನ ಮೇಲಿರಬೇಕು, ಎದೆ ಬಾಯಿಗೆ ಬಂದಿರಬಾರದು. ಹದಿನಾರು ವರ್ಷದಲ್ಲಿ ಅವಳ ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ. ಆ ಸೀಟೆಂದರೆ ಅವಳಿಗೆ ಪ್ರಾಣ. ಸತ್ತವಳೆಂದು ನೆಂಟರು ಅರ್ಧ ಅತ್ತು ಮುಗಿಸಿದ್ದ ಕಾಲದಿಂದ ಎದ್ದು ಬಂದು ಅವಳು ಹಿಡಿದ ಮೊದಲ ಕೆಲಸ ಅದು.

ಈಗ ಕುತ್ತು ಬಂದದ್ದು ಆ ಸೀಟಿಗೇ.

ಕಲಿಸುವವರ ಲೈಸೆನ್ಸು ಪ್ರತಿವರ್ಷ ಹೊಸದಾಗಬೇಕು. ಬೇರೆಯವರಿಗೆ ಯಾವ ಡಾಕ್ಟರ ಸಹಿಯಾದರೂ ನಡೆಯುತ್ತದೆ. ಅವಳ ಫಾರಂಗೆ ಹೃದಯದ ಡಾಕ್ಟರದೇ ಬೇಕು. ಆತ ಪ್ರತಿವರ್ಷ ಅವಳ ಮಣಿಕಟ್ಟಿನಲ್ಲಿ ಚುಚ್ಚಿ, ಸಪೂರ ಕೊಳವೆಯೊಂದನ್ನು ಹೃದಯದವರೆಗೆ ನಡೆಸಿ, ಬಣ್ಣ ಬಿಟ್ಟು, ರಕ್ತನಾಳಗಳ ಚಿತ್ರ ತೆಗೆಯುತ್ತಿದ್ದ. ಕಳೆದ ವರ್ಷದ ಚಿತ್ರ ನೋಡಿ ಆತ ಪರದೆಯ ಹತ್ತಿರಕ್ಕೆ ಮುಖ ಒಯ್ದಿದ್ದ. ಮುಂಭಾಗದ ದೊಡ್ಡ ನಾಳದ ಒಳಗೋಡೆಗೆ ಗಾರೆ ಮೆತ್ತಿದಂತೆ ಆಗಿತ್ತು.

"ಹೊಸ ಹೃದಯಕ್ಕೆ ವರ್ಷಗಳು ಕಳೀತಾ ಬರೋ ಕಾಯಿಲೆ ಇದು," ಎಂದಿದ್ದ. "ಮೈಗೆ ಈ ಹೃದಯ ಪರಕೀಯ ಅನ್ನೋದು ಪೂರ್ತಿ ಮರೆಯೋದೇ ಇಲ್ಲ. ಒಳಗೊಳಗೇ ಸಿಟ್ಟು. ನಾಳದ ಗೋಡೆ ದಪ್ಪ ಆಗ್ತಾ ಹೋಗುತ್ತೆ. ಬೇರೆಯವರಿಗೆ ನಾಳ ಕಟ್ಟಿದ್ರೆ ಎದೆ ನೋಯುತ್ತೆ, ಓಡಿ ಬರ್ತಾರೆ. ನಿಮಗೆ ನೋವು ಹೇಳೋ ನರಾನೇ ಇಲ್ಲ. ಅದಕ್ಕೇ ವರ್ಷ ವರ್ಷ ಈ ಚಿತ್ರ. ಒಂದು ಗುಳಿಗೆ ಬದಲಾಯಿಸ್ತೀನಿ. ಮುಂದಿನ ವರ್ಷ ಹೆಚ್ಚಾಗಿದ್ರೆ ನಾನು ಸಹಿ ಹಾಕಲ್ಲ, ಈಗ್ಲೇ ಹೇಳಿದೀನಿ."

ಆ ಮುಂದಿನ ವರ್ಷ ಈಗ ಬಂದಿತ್ತು. ಗುರುವಾರ ಪರೀಕ್ಷೆ.

ಇನ್ನೊಂದು ಪರೀಕ್ಷೆ ಶುಕ್ರವಾರ ಇತ್ತು. ಅದು ಡಾಕ್ಟರದು. ಕೂದಲಿಗಿಂತ ತುಸು ದಪ್ಪದ ತಂತಿಯನ್ನು ಬಡಿಯುತ್ತಿರುವ ಹೃದಯದ ಸಂದಿಗೊಂದಿಗಳಲ್ಲಿ ತಿರುಗಿಸಬಲ್ಲ ಆ ಮನುಷ್ಯನಿಗೆ ಕಾರು ತಿರುಗಿಸಲು ಬರುತ್ತಿರಲಿಲ್ಲ. ನಲವತ್ತು ವರ್ಷ ಅವರಿವರ ಕಾರಿನಲ್ಲಿ ಕೂತು ಓಡಾಡಿ, ಕೊನೆಗೆ ಹೆಂಡತಿ "ನಾನೇನು ನಿಮ್ಮ ಡ್ರೈವರಾ?" ಎಂದ ಮೇಲೆ ಬ್ರೇಕಕ್ಕನ ಹತ್ತಿರ ಸೇರಿದ್ದ. ಮೂರು ಸಲ ಪರೀಕ್ಷೆಗೆ ಕೂತು ಮೂರು ಸಲವೂ ಡುಮ್ಕಿ. ಮೊದಲ ಸಲ ಇಂಡಿಕೇಟರ್ ಬದಲು ವೈಪರ್ ಹಾಕಿಕೊಂಡೇ ಊರು ಸುತ್ತಿದ. ಎರಡನೇ ಸಲ ಹಿಂದಕ್ಕೆ ತೆಗೆದುಕೊಂಡು ನಿಲ್ಲಿಸುವಾಗ ಅಡ್ಡಲಾಗಿಟ್ಟ ನಾಲ್ಕು ಗೂಟಗಳಲ್ಲಿ ಐದನ್ನು ಉರುಳಿಸಿದ. ಐದನೆಯದು ಪಕ್ಕದವರ ಗೂಟ. ಮೂರನೇ ಸಲ ಇನ್‌ಸ್ಪೆಕ್ಟರು ಗಾಲಿಯ ಅಂತರ ನೋಡಲು ಇಳಿದಿದ್ದಾಗ ಅವರನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ, ಒಂದು ಫರ್ಲಾಂಗು ದೂರ ಖಾಲಿ ಸೀಟಿಗೆ ಗೌರವದಿಂದ ಉತ್ತರ ಕೊಡುತ್ತಿದ್ದ.

ಹೀಗಾಗಿ ಇಬ್ಬರ ನಡುವೆ ಒಂದು ಒಪ್ಪಂದ ತಾನಾಗಿ ಬೆಳೆದಿತ್ತು. ಕಾರಿನಲ್ಲಿ ಆತ ಅವಳನ್ನು 'ಗುರುಗಳೇ' ಎನ್ನುತ್ತಿದ್ದ, ಬೈಗುಳ ತಿನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅವಳು ಬೆನ್ನ ಮೇಲೆ ಮಲಗಿ, ಉಸಿರು ಹಿಡಿ ಎಂದರೆ ಹಿಡಿಯುತ್ತಿದ್ದಳು.

ಇಷ್ಟರ ಮಧ್ಯೆ, ಹದಿನೈದು ದಿನದಿಂದ ಅವಳ ಎದೆಯ ನಡುವೆ ಏನೋ ಒತ್ತುತ್ತಿತ್ತು. ಸ್ಕೂಲಿನ ಆಫೀಸು ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿದಾಗ ಯಾರೋ ಮೊಣಕೈ ಊರಿ ನಿಂತ ಹಾಗೆ. ಬೇರೆ ಯಾರಾದರೂ ಆಗಿದ್ದರೆ ಅಂದೇ ಡಾಕ್ಟರ ಹತ್ತಿರ ಓಡುತ್ತಿದ್ದರು. ಅವಳಿಗೆ ಹತ್ತೊಂಬತ್ತು ವರ್ಷದ ತಿಳಿವಳಿಕೆ ಇತ್ತಲ್ಲ! ಈ ಹೃದಯಕ್ಕೆ ನೋಯಲು ಬರುವುದಿಲ್ಲ, ಆದ್ದರಿಂದ ನೋಯುತ್ತಿರುವುದು ಹೃದಯವಲ್ಲ. ಹಾಗಾದರೆ ಏನು? ಯೋಚಿಸಿ ಯೋಚಿಸಿ ಸೀಟ್ ಬೆಲ್ಟನ್ನು ಹಿಡಿದಳು. ಕನ್ನಡಕದವನು ಅಂಗಡಿಯ ಹಳದಿ ಒರೆಸುಬಟ್ಟೆಗಳನ್ನು ಜೋಡಿಸಿ, ಬೆಲ್ಟಿನ ಮೇಲೆ ಏರಿಸಲು ಅಂಗಿಯದರಂಥ ಮೆತ್ತನೆಯ ತೋಳು ಹೊಲಿದುಕೊಟ್ಟ.

"ಡಾಕ್ಟ್ರಿಗೊಂದು ಮಾತು ಹೇಳ್ತೀಯೇನೇ?"

"ಬೆಲ್ಟ್ ಒತ್ತೋದಕ್ಕೆ ಹೃದಯದ ಡಾಕ್ಟ್ರು ಏನ್ಮಾಡ್ತಾರೆ ರೀ?"

ಇದು ತರ್ಕಕ್ಕೆ ಸರಿಯಾಗಿಯೇ ಇತ್ತು. ಸಹಿಯಾಗದ ಫಾರಂ ಅವಳ ಚೀಲದಲ್ಲೇ ಇತ್ತು ಎಂಬುದೂ ತರ್ಕಕ್ಕೆ ಸ್ವಲ್ಪ ಸಹಾಯ ಮಾಡಿತ್ತು.

ಸೋಮವಾರ ಬೆಳಿಗ್ಗೆ ಡಾಕ್ಟರ ಪಾಠ. ನೀರಿನ ಟ್ಯಾಂಕಿನ ಪಕ್ಕದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು.

"ಇದು ಬಂದ್ರೆ ಶುಕ್ರವಾರ ಪಾಸು," ಎಂದಳು ಬ್ರೇಕಕ್ಕ. "ಬರದಿದ್ರೆ ಐದನೇ ಸಲಕ್ಕೆ ನಮ್ಮ ಮಾಲೀಕರು ನಿಮಗೆ ಶಾಲು ಹೊದಿಸ್ತಾರೆ."

"ಗುರುವಾರ ನಿಮ್ಮ ಪರೀಕ್ಷೆ ನನ್ನ ಕೈಲಿದೆ, ಅದನ್ನ ಮರೀಬೇಡಿ ಗುರುಗಳೇ."

"ನೀವು ನಂಗೆ ಸಹಿ ಹಾಕಿ, ನಾನು ನಿಮ್ಮನ್ನ ಪಾಸ್ ಮಾಡಿಸ್ತೀನಿ."

"ಪಾಸ್ ಮಾಡೋರು ಇನ್‌ಸ್ಪೆಕ್ಟರು."

"ಅವರ ಹೆಂಡತಿಗೂ ನಾನೇ ಕಲಿಸಿದ್ದು. ಹ್ಯಾಂಡ್ ಬ್ರೇಕ್ ಬಿಡಿ. ಕ್ಲಚ್ಚು ನಿಧಾನ. ಅಂದ್ರೆ ನಿಧಾನ, ಡಾಕ್ಟ್ರೇ. ಹಾವಿನ ಮೇಲೆ ಕಾಲಿಟ್ಟ ಹಾಗೆ ಎತ್ತಬೇಡಿ."

ಕಾರು ಒಮ್ಮೆ ಕೆಮ್ಮಿ ಆರಿಹೋಯಿತು. ಆಮೇಲೆ ಹಿಂದಕ್ಕೆ ಉರುಳತೊಡಗಿತು.

ಡಾಕ್ಟರು ಪಾಠದಲ್ಲಿ ಹೇಳಿಕೊಟ್ಟ ಹಾಗೆ ಮೊದಲು ಕನ್ನಡಿ ನೋಡಿದ. "ಗುರುಗಳೇ, ಹಿಂದೆ ಒಂದು ಬಿಳಿ ಕಾರು ಬರ್ತಿದೆ."

"ಬ್ರೇಕು."

"ಅವನೂ ರಿವರ್ಸಲ್ಲೇ ಬರ್ತಿದಾನೆ. ಎಲ್ ಬೋರ್ಡ್ ಬೇರೆ ಇದೆ. ಅವನೂ ಕಲಿಯೋನೇ ಪಾಪ." ಎಂದು ಆ ಕಲಿಯುವವನನ್ನು ಎಚ್ಚರಿಸಲು ಜೋರಾಗಿ ಹಾರ್ನ್ ಒತ್ತಿದ.

ಹಿಂದೆ ಯಾವ ಕಾರೂ ಇರಲಿಲ್ಲ. ಇಬ್ಬರು ಬಡಗಿಗಳು ಆಳೆತ್ತರದ ಬೀರುಗನ್ನಡಿಯೊಂದನ್ನು ಅಡ್ಡಲಾಗಿ ಹಿಡಿದು ರಸ್ತೆ ದಾಟುತ್ತಿದ್ದರು. ಅದರಲ್ಲಿ ಇವರದೇ ಕಾರು ಇವರಿಗೇ ಬಡಿಯಲು ಬರುತ್ತಿತ್ತು. ಹಾರ್ನಿಗೆ ಬೆಚ್ಚಿ ಬಡಗಿಗಳು ನಟ್ಟನಡುವೆ ನಿಂತುಬಿಟ್ಟರು.

ಬ್ರೇಕಕ್ಕ ತುಳಿದಳು. ಎರಡು ಬಿಳಿ ಕಾರುಗಳೂ ಒಂದಕ್ಕೊಂದು ಬೆನ್ನು ತಾಗಿಸುವಷ್ಟು ಹತ್ತಿರದಲ್ಲಿ ನಿಂತವು.

"ಅವನೂ ನಿಲ್ಲಿಸಿದ," ಎಂದ ಡಾಕ್ಟರು, ಬೆವರು ಒರೆಸಿಕೊಳ್ಳುತ್ತ. ಆಮೇಲೆ ಹಿಂದೆ ತಿರುಗಿ ನೋಡಿ, ಬಡಗಿಗಳಿಗೆ ಕೈಯೆತ್ತಿ ನಮಸ್ಕರಿಸಿದ.

ಬ್ರೇಕಕ್ಕನಿಗೆ ನಗು ಉಕ್ಕಿ ಬಂತು. ನಗಲು ಬಾಯಿ ತೆರೆದವಳು ತೆರೆದಂತೆಯೇ ಕೂತಳು. ಎದೆ ಡಬಡಬನೆ ಹೊಡೆದುಕೊಳ್ಳುತ್ತಿತ್ತು. ಐದು ನಿಮಿಷದ ಮೇಲಲ್ಲ, ಈಗಲೇ. ಗಡಿಯಾರ ನೋಡಿಕೊಂಡಳು. ಭಯಪಟ್ಟು ಅರ್ಧ ನಿಮಿಷವೂ ಆಗಿರಲಿಲ್ಲ.

"ಡಾಕ್ಟ್ರೇ, ಭಯ ಇವತ್ತು ಬೇಗ ಬಂದ್ಬಿಟ್ಟಿದೆ."

"ಯಾರಿಗೆ?"

"ನಂಗೆ. ಇನ್ನೂ ಬಿಸ್ಕತ್ತೇ ತೆಗೆದಿಲ್ಲ, ಬಂದು ಕೂತಿದೆ. ಜೊತೆಗೆ ಈ ಬೆಲ್ಟು ಬೇರೆ, ಹಾಳಾದ್ದು," ಎಂದು ಬೆಲ್ಟು ಬಿಚ್ಚಿದಳು. ಬಿಚ್ಚಿದರೂ ಒತ್ತುವುದು ನಿಲ್ಲಲಿಲ್ಲ. ಅದನ್ನು ನೋಡಿ ಅವಳಿಗೆ ಬಹಳ ಆಶ್ಚರ್ಯವಾಯಿತು.

ಡಾಕ್ಟರು ಪೂರ್ತಿ ತಿರುಗಿ ಕೂತ. "ಎಲ್ಲಿ? ತೋರಿಸಿ."

ಅವಳು ಮುಷ್ಟಿ ಕಟ್ಟಿ ಎದೆಯ ನಡುವೆ ಇಟ್ಟಳು. "ಇಲ್ಲಿ. ಎಡತೋಳಿಗೂ ಎಳೀತಿದೆ."

ಮೂರು ಸಲ ಫೇಲಾಗಿದ್ದ, ಈಗಷ್ಟೇ ತನ್ನ ಪ್ರತಿಬಿಂಬಕ್ಕೆ ಹಾರ್ನ್ ಹೊಡೆದಿದ್ದ ಮನುಷ್ಯನ ಮುಖ ಹಬ್ಬದ ದೀಪದ ಹಾಗೆ ಬೆಳಗಿತು. "ನೋಯ್ತಿದೆಯಾ? ನಿಜವಾಗ್ಲೂ ನೋಯ್ತಿದೆಯಾ?"

"ಯಾಕ್ರೀ ಅಷ್ಟು ಖುಷಿ ನಿಮಗೆ?"

"ನಿಮ್ಮ ಹೃದಯಕ್ಕೆ ನರ ಬೆಳೆದಿದೆ ಗುರುಗಳೇ. ಹೊಲಿಗೆ ಹಾಕದೇ ಬಿಟ್ಟಿದ್ದು. ಕೆಲವರಿಗೆ, ಎಷ್ಟೋ ವರ್ಷಕ್ಕೆ, ಎಳೆ ಎಳೆಯಾಗಿ ಚಿಗುರಿ ಹೋಗಿ ಸೇರ್ಕೊಳುತ್ತೆ. ಓದಿದ್ದೆ. ನನ್ನ ಕೈಯಲ್ಲಿರೋ ಒಬ್ಬರಿಗೂ ಇಷ್ಟು ಸ್ಪಷ್ಟವಾಗಿ ಆಗಿರಲಿಲ್ಲ. ನೋಯ್ತಿದೆ ಅಂದ್ರೆ—" ಎಂದವನು ಅಲ್ಲಿಗೆ ನಿಂತ. ನೋಯುತ್ತಿದೆ ಎಂದರೆ ಇನ್ನೊಂದು ಅರ್ಥವೂ ಇತ್ತು. ಅದು ಆತನಿಗೂ ಐದು ಸೆಕೆಂಡು ತಡವಾಗಿ ತಲುಪಿತು. "ಎಷ್ಟು ದಿನದಿಂದ?"

"ಹದಿನೈದು."

"ಹದಿನೈದು ದಿನ ಬಾಯಿ ಮುಚ್ಕೊಂಡು ಕೂತಿದ್ರಾ?"

"ನೋಯಲ್ಲ ಅಂತ ಹೇಳಿದ್ದು ನೀವೇ ಅಲ್ವಾ?"

ಡಾಕ್ಟರು ಅವಳ ಚೀಲ ಕೆದಕಿ, ಗುಳಿಗೆ ಡಬ್ಬಿಯಿಂದ ಆಸ್ಪಿರಿನ್ ತೆಗೆದು ಅಗಿಯಲು ಕೊಟ್ಟ. ಆಂಬುಲೆನ್ಸಿಗೆ ಫೋನು ಮಾಡಿದ. ಊರಿಗಿದ್ದ ಎರಡು ಆಂಬುಲೆನ್ಸೂ ಆ ತುದಿಯಲ್ಲಿದ್ದವು, ಇಪ್ಪತ್ತೈದು ನಿಮಿಷವಾಗುತ್ತದೆ. ಆಸ್ಪತ್ರೆ ಇಲ್ಲಿಂದ ಎರಡೇ ಕಿಲೋಮೀಟರು. ಬಡಗಿಗಳನ್ನು ಕೇಳಿದ, ಇಬ್ಬರಿಗೂ ಕಾರು ಬಾರದು. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಾನೇ ಓಡಿಸ್ತೀನಿ," ಎಂದ.

"ಅಯ್ಯೋ ದೇವ್ರೇ," ಎಂದಳು ಬ್ರೇಕಕ್ಕ. ಆ ದಿನ ಅವಳು ನಿಜವಾಗಿ ಹೆದರಿದ್ದು ಆಗಲೇ.

ಅವಳ ಸೀಟನ್ನು ಹಿಂದಕ್ಕೆ ಒರಗಿಸಿ, ಆತ ಮತ್ತೆ ಸ್ಟಿಯರಿಂಗ್ ಹಿಂದೆ ಕೂತ. "ನೀವು ಸುಮ್ನೆ ಮಲಗಿರಿ. ಮಾತಾಡಬೇಡಿ. ಬ್ರೇಕಿಂದ ಕಾಲು ತೆಗೀರಿ."

"ಕನ್ನಡಿ," ಎಂದಳು ಬ್ರೇಕಕ್ಕ, ಕಣ್ಣು ಮುಚ್ಚಿಕೊಂಡೇ.

"ನೋಡಿದೆ. ಬೀರು ದಾಟಿ ಹೋಯ್ತು."

ಕಾರು ಏರಿನಲ್ಲಿ ಒಂದೇ ಉಸಿರಿಗೆ ಎದ್ದಿತು. ಕೆಮ್ಮಲಿಲ್ಲ. ಬ್ರೇಕಕ್ಕ ಒಂದು ಕಣ್ಣು ತೆರೆದಳು. ಡಾಕ್ಟರ ಕೈಗಳು ಸ್ಟಿಯರಿಂಗ್ ಮೇಲೆ ಹಗುರವಾಗಿದ್ದವು. ಎಂದಿನ ಹಾಗೆ ನೇತುಬಿದ್ದಿರಲಿಲ್ಲ. ಫೋನು ಮಡಿಲಲ್ಲಿಟ್ಟು, ಸ್ಪೀಕರ್ ಹಾಕಿ, ಆಸ್ಪತ್ರೆಯವರ ಜೊತೆ ಮಾತಾಡುತ್ತಲೇ ಮಾರುಕಟ್ಟೆಯ ತಿರುವು ತೆಗೆದುಕೊಂಡ. "ಟೇಬಲ್ ರೆಡಿ ಮಾಡಿ. ಬಲ ಮಣಿಕಟ್ಟಿನಿಂದ ಕೊಳವೆ ಹಾಕ್ತೀವಿ. ಹೌದು, ಎದೆನೋವು. ಹೌದು, ಅವರೇ. ನಂಬೋದು ಬಿಡೋದು ಆಮೇಲೆ."

"ಓಡಿಸ್ವಾಗ ಫೋನಲ್ಲಿ ಮಾತಾಡಿದ್ರೆ ಫೇಲು."

"ಇನ್‌ಸ್ಪೆಕ್ಟರು ಇಲ್ವಲ್ಲ."

"ಹೋದ್ಸಲ ಅವರನ್ನ ಬಿಟ್ಟು ಹೋಗಿದ್ದು ಒಳ್ಳೇ ಅಭ್ಯಾಸ ಆಯ್ತು ನಿಮಗೆ. ಮೂರನೇ ಗೇರು. ಎಂಜಿನ್ ಅಳ್ತಿದೆ, ಕೇಳಿಸ್ತಿಲ್ವಾ?"

ಕೆಂಪು ದೀಪದಲ್ಲಿ ನಿಂತರು. ಪಕ್ಕದ ಸ್ಕೂಟರಿನವನು ಎಲ್ ಬೋರ್ಡನ್ನೂ, ಒರಗಿ ಮಲಗಿದ ಬ್ರೇಕಕ್ಕನನ್ನೂ ನೋಡಿ, "ಏನಕ್ಕ, ಇವತ್ತು ಕಲಿಯೋರ ಮೇಲೆ ಇಷ್ಟು ನಂಬಿಕೆ?" ಎಂದ. ಅವಳು ನಗಲು ಹೋದಳು. ನೋವು ಇನ್ನೊಂದು ಸಲ ಮೊಣಕೈ ಊರಿತು. ನೋವಿನ ಹಿಂದೆಯೇ ಅವಳಿಗೆ ಎಲ್ಲಿಲ್ಲದ ಉಲ್ಲಾಸ. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದು ಒಂದು ಮಾತಾಡದ ಬಾಡಿಗೆಯವನು ಕೊನೆಗೂ ಬಾಗಿಲು ತಟ್ಟಿದ್ದ. ತಟ್ಟಿದ್ದು ದೂರು ಹೇಳಲು. ಆದರೇನಂತೆ, ತಟ್ಟಿದನಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಎರಡು ವ್ಯಾನುಗಳ ನಡುವೆ ಒಂದೇ ಒಂದು ಕಾರಿನ ಜಾಗವಿತ್ತು. ಡಾಕ್ಟರು ಮುಂದೆ ಹೋಗಿ, ರಿವರ್ಸ್ ಹಾಕಿ, ಸ್ಟಿಯರಿಂಗನ್ನು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸಿ, ಒರೆಯೊಳಕ್ಕೆ ಕತ್ತಿ ಇಳಿಸಿದಂತೆ ಒಂದೇ ಸಲಕ್ಕೆ ನಿಲ್ಲಿಸಿದ.

ಗಾಲಿಕುರ್ಚಿ ತಂದ ನರ್ಸಿಗೆ ಬ್ರೇಕಕ್ಕ ಹೇಳಿದ ಮೊದಲ ಮಾತು: "ನೀವು ನೋಡಿದ್ರಿ ತಾನೇ? ಸಾಕ್ಷಿ ಬೇಕಾಗುತ್ತೆ."

ಮೇಜಿನ ಮೇಲೆ ಮಲಗಿಸಿದಾಗ ಅವಳಿಗೆ ಪೂರ್ತಿ ಎಚ್ಚರವಿತ್ತು. ತಲೆ ತಿರುಗಿಸಿದರೆ ಪರದೆ ಕಾಣುತ್ತಿತ್ತು. ಕಪ್ಪು ನಾಳಗಳು ಬೇರಿನ ಹಾಗೆ ಹರಡಿ, ಪ್ರತಿ ಬಡಿತಕ್ಕೂ ತುಯ್ಯುತ್ತಿದ್ದವು. ಮುಂಭಾಗದ ದೊಡ್ಡ ನಾಳ ಒಂದು ಕಡೆ ದಾರದಷ್ಟು ಸಣ್ಣಗಾಗಿತ್ತು. ಯಾರೂ ಹೇಳಬೇಕಿರಲಿಲ್ಲ. ಅದು ಅರ್ಧ ಅಗೆದು ಬಿಟ್ಟ ರಸ್ತೆ ಎಂದು ಹದಿನಾರು ವರ್ಷ ರಸ್ತೆ ನೋಡಿದವಳಿಗೆ ಕಂಡಿತು.

"ತೊಂಬತ್ತು ಭಾಗ ಮುಚ್ಚಿದೆ," ಎಂದ ಡಾಕ್ಟರು, ಮುಖವಾಡದೊಳಗಿಂದ. "ಬಲೂನ್ ಹಿಗ್ಗಿಸಿ ಸ್ಟೆಂಟ್ ಕೂರಿಸ್ತೀನಿ. ಮಾತಾಡಬೇಡಿ."

ತಂತಿ ಆ ಸಣ್ಣ ಜಾಗದ ಬಾಯಿಗೆ ಬಂದು, ಪಕ್ಕದ ಕವಲಿಗೆ ಹೊರಳಿತು. ಆತ ಹಿಂದಕ್ಕೆ ಎಳೆದ. ಮತ್ತೆ ಬಂತು, ಮತ್ತೆ ಹೊರಳಿತು.

"ಅವಸರ ಮಾಡ್ತಿದೀರಿ," ಎಂದಳು ಬ್ರೇಕಕ್ಕ. "ತಿರುವು ಬರೋಕ್ಕೆ ಮುಂಚೆನೇ ಸ್ಟಿಯರಿಂಗ್ ತಿರುಗಿಸ್ತೀರಿ ನೀವು ಯಾವಾಗ್ಲೂ. ಇನ್ನೊಂಚೂರು ಹಿಂದೆ ಬನ್ನಿ. ನಿಧಾನ. ಈಗ ತಗೊಳ್ಳಿ."

ನರ್ಸು ಬೇರೆ ಕಡೆ ತಿರುಗಿಕೊಂಡಳು. ಅವಳ ಹೆಗಲು ಕುಣಿಯುತ್ತಿತ್ತು. ತಂತಿ ಇನ್ನೊಂಚೂರು ಹಿಂದೆ ಬಂತು, ನಿಧಾನವಾಗಿ ತಿರುಗಿತು, ದಾರದ ಜಾಗದೊಳಗೆ ನುಸುಳಿ ಆಚೆ ಬಂತು. ಅರ್ಧ ಗಂಟೆಯಲ್ಲಿ ಅಗೆದ ರಸ್ತೆ ಅಗಲವಾಗಿ, ಬಣ್ಣ ಸರಾಗವಾಗಿ ಕೊನೆಯವರೆಗೆ ಹರಿಯಿತು. ಮೊಣಕೈ ಎದ್ದುಹೋಯಿತು.

"ಹಾಂ, ಹೋಯ್ತು," ಎಂದಳು ಬ್ರೇಕಕ್ಕ.

ಕನ್ನಡಕದವನು ಓಡಿ ಬಂದಾಗ ಅವನ ಮೂಗಿನ ಮೇಲೆ ಕಣ್ಣು ಪರೀಕ್ಷೆಯ ದುಂಡನೆಯ ಕಬ್ಬಿಣದ ಚೌಕಟ್ಟಿತ್ತು, ಅದರಲ್ಲಿ ಯಾರದೋ ನಂಬರಿನ ಗಾಜುಗಳಿದ್ದವು. ಗಿರಾಕಿಗೆ ತಾನೇ ಹಾಕಿಕೊಂಡು ತೋರಿಸುತ್ತಿದ್ದಾಗ ಫೋನು ಬಂದದ್ದು. ಆತನನ್ನು ಅಕ್ಷರದ ಹಲಗೆಯ ಮುಂದೆ ಒಂದು ಕಣ್ಣು ಮುಚ್ಚಿಸಿ ಕೂರಿಸಿದವನು ಹಾಗೆಯೇ ಬಿಟ್ಟು ಬಂದಿದ್ದ. ಗಾಜಿನಿಂದಾಗಿ ಪಕ್ಕದ ಹಾಸಿಗೆಯ ಅಜ್ಜಿಯ ಕೈ ಹಿಡಿದು, "ನಿಂಗೇನೂ ಆಗಲ್ಲ ಕಣೇ," ಎಂದ. ಅಜ್ಜಿ "ಆಗ್ಲಪ್ಪ," ಎಂದಳು.

"ರೀ, ನಾನಿಲ್ಲಿದೀನಿ. ನೋವು ಬಂದಿತ್ತು ಗೊತ್ತಾ? ನಂದೇ ನೋವು. ಸಮಯಕ್ಕೆ ಸರಿಯಾಗಿ."

ಅವನು ಚೌಕಟ್ಟು ತೆಗೆದು ಕಣ್ಣೊರೆಸಿಕೊಂಡ. "ಬೆಲ್ಟಿಗೆ ತೋಳು ಹೊಲಿದೆನಲ್ಲೇ ನಾನು," ಎಂದ. "ಎರಡು ಪದರ ಹಾಕಿ ಹೊಲಿದೆ." ಹೇಳುತ್ತ ಹೇಳುತ್ತ ಅವನಿಗೆ ನಗು ಬಂತು, ಇವಳಿಗೂ ಬಂತು, ಕೈಗೆ ಪಟ್ಟಿ ಕಟ್ಟಿದೆ ಅಲ್ಲಾಡಿಸಬೇಡಿ ಎಂದು ನರ್ಸು ಗದರಿದಳು.

ಡಾಕ್ಟರು ಬಂದು ಇಬ್ಬರಿಗೂ ಬೈದ. ಗುರುವಾರದವರೆಗೆ ತಡೆಯುತ್ತಿತ್ತೋ ಇಲ್ಲವೋ ತನಗೆ ಗೊತ್ತಿಲ್ಲ ಎಂದ. "ಸ್ಟೆಂಟ್ ಹಾಕಿದ ಜಾಗ ಸರಿಯಾಯ್ತು ಅಷ್ಟೆ, ಕಾಯಿಲೆ ಹೋಗಿಲ್ಲ. ನಾಳದ ಉದ್ದಕ್ಕೂ ಇದೆ. ನೋವು ಬರುತ್ತೆ, ಆಗ ನೋಡೋಣ ಅಂತ ಕೂತ್ಕೋಬೇಡಿ. ನರ ಅಲ್ಲಲ್ಲಿ ಮಾತ್ರ ಬೆಳೆದಿರುತ್ತೆ, ಪೂರ್ತಿ ನಂಬೋ ಹಾಗಿಲ್ಲ. ವರ್ಷಕ್ಕೊಂದು ಚಿತ್ರ ತಪ್ಪಲ್ಲ."

"ಫಾರಂ ಚೀಲದಲ್ಲೇ ಇದೆ," ಎಂದಳು ಬ್ರೇಕಕ್ಕ.

"ಆರು ವಾರ ಆ ಮಾತೆತ್ತಬೇಡಿ."

"ಆಮೇಲೆ?"

"ಆಮೇಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡ್ತೀನಿ. ಫೇಲಾದ್ರೆ ಫೇಲು. ನೀವೇನು ನಂಗೆ ರಿಯಾಯಿತಿ ಕೊಟ್ಟಿದೀರಾ?"

ಶುಕ್ರವಾರ ಡಾಕ್ಟರು ನಾಲ್ಕನೇ ಸಲ ಪರೀಕ್ಷೆಗೆ ಹೋದ. ಏರಿನಲ್ಲಿ ಎದ್ದ, ತಿರುವಿನಲ್ಲಿ ತಿರುಗಿದ, ಗೂಟಗಳ ನಡುವೆ ಒಂದೇ ಸಲಕ್ಕೆ ಹಿಂದಕ್ಕೆ ಹೋಗಿ ನಿಂತ. ಆ ಖುಷಿಯಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ಇಳಿದು ಇನ್‌ಸ್ಪೆಕ್ಟರ ಕೈ ಕುಲುಕಲು ನಡೆದ. ಕಾರೂ ಅವನ ಹಿಂದೆಯೇ ಬಂದು, ಇನ್‌ಸ್ಪೆಕ್ಟರ ಕುರ್ಚಿಗೆ ಮೆಲ್ಲನೆ ಒರಗಿ ನಿಂತಿತು.

ಬೇರೆಯವರ ಹತ್ತಿರ ಕಲಿಯಿರಿ ಎಂದು ಮಾಲೀಕ ಹೇಳಿದ್ದಕ್ಕೆ ಆತ ಒಪ್ಪಲಿಲ್ಲ. ಆರು ವಾರ ಹೆಂಡತಿಯ ಬೈಗುಳ ತಿನ್ನುತ್ತ ಆಸ್ಪತ್ರೆಗೆ ಓಡಾಡಿದ.

ಆರು ವಾರ ಮೂರು ದಿನಕ್ಕೆ ಬ್ರೇಕಕ್ಕ ಟ್ರೆಡ್‌ಮಿಲ್ ಹತ್ತಿದಳು. ಮೊದಲೆಲ್ಲ ಅವಳು ನಡೆಯತೊಡಗಿದರೆ ಹೃದಯ ಇನ್ನೂ ನಿದ್ದೆಯಲ್ಲೇ ಇರುತ್ತಿತ್ತು; ಇಳಿದು ಟವೆಲ್ ಹಿಡಿದಾಗ ಏಳುತ್ತಿತ್ತು. ಈ ಸಲ ಅವಳ ಜೊತೆಗೇ ಹೆಜ್ಜೆ ಹಾಕಿತು. ಪೂರ್ತಿ ಅಲ್ಲ, ತುಸು ಹಿಂದೆ, ಚಪ್ಪಲಿ ಹುಡುಕಿ ಹಾಕಿಕೊಂಡು ಬಂದವರ ಹಾಗೆ. ಹನ್ನೊಂದು ನಿಮಿಷ ನಡೆದಳು. ನೋವಿಲ್ಲ. ಡಾಕ್ಟರು ಕಾಗದದ ಸುರುಳಿಯನ್ನು ಎರಡು ಸಲ ನೋಡಿ, ಕಿಸೆಯಿಂದ ಪೆನ್ನು ತೆಗೆದು ಫಾರಂ ಮೇಲೆ ಸಹಿ ಹಾಕಿದ. "ಒಂದು ವರ್ಷಕ್ಕೆ," ಎಂದ. "ಮುಂದಿನ ವರ್ಷ ಮತ್ತೆ ನೋಡೋಣ."

"ಒಂದು ವರ್ಷ ಅಂದ್ರೆ ನಿಮ್ಮ ಇನ್ನೂ ಮೂರು ಫೇಲು," ಎಂದಳು ಅವಳು.

ಮಾರನೇ ಬೆಳಿಗ್ಗೆ ಮೊದಲ ಪಾಠ ಡಾಕ್ಟರದೇ. ಬೆಲ್ಟಿನ ಮೇಲೆ ಹಳದಿ ತೋಳು ಹಾಗೇ ಇತ್ತು. ತೆಗೆಯಲು ಕನ್ನಡಕದವನು ಬಿಟ್ಟಿರಲಿಲ್ಲ. ಮಾರುಕಟ್ಟೆಯ ತಿರುವಿನಲ್ಲಿ ತಳ್ಳುಗಾಡಿಯೊಂದು ದಿಢೀರನೆ ಅಡ್ಡ ಬಂತು. ಇಬ್ಬರೂ ಒಟ್ಟಿಗೆ ಬ್ರೇಕ್ ತುಳಿದರು. ಕಾರು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ಬ್ರೇಕಕ್ಕನ ಎದೆ ಆ ಗಳಿಗೆಯಲ್ಲೇ ಧಡ್ ಎಂದಿತು, ಬಾಯಿಂದ "ಅಮ್ಮಾ" ಎಂಬ ಕಿರುಚು ಹೊರಟಿತು. ಹದಿನಾರು ವರ್ಷದಲ್ಲಿ ಆ ಕಾರಿನೊಳಗೆ ಕಲಿಸುವವರ ಕಡೆಯಿಂದ ಬಂದ ಮೊದಲ ಕಿರುಚು ಅದು. ತಳ್ಳುಗಾಡಿಯವನು ಬೈಯಲು ಬಾಯಿ ತೆರೆದವನು ಅದನ್ನು ಕೇಳಿ ಮುಚ್ಚಿಕೊಂಡ.

"ಇಂಡಿಕೇಟರ್ ಹಾಕಿ. ಪಕ್ಕಕ್ಕೆ ತಗೊಳ್ಳಿ," ಎಂದಳು ದನಿ ಸರಿಮಾಡಿಕೊಂಡು.

ಮರದ ನೆರಳಿನಲ್ಲಿ ನಿಂತರು. ಅಭ್ಯಾಸಬಲದಿಂದ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು. ಆತನಿಗೊಂದು, ತನಗೊಂದು.

"ಯಾರಿಗೆ ಕಾಯ್ತಿದೀವಿ ಗುರುಗಳೇ? ನಿಮ್ಮ ಭಯ ಆಗ್ಲೇ ಬಂದು ಹೋಯ್ತಲ್ಲ, ಇಡೀ ಮಾರ್ಕೆಟ್ಟಿಗೆ ಕೇಳಿಸ್ತು."

ಬ್ರೇಕಕ್ಕ ಯೋಚಿಸಿದಳು. ಹೌದಲ್ಲ. ಎದೆ ಮುಟ್ಟಿ ನೋಡಿಕೊಂಡಳು. ಒಳಗೆ ಬಾಡಿಗೆಯವನು ಕೆಲಸ ಮುಗಿಸಿ ಕೂತಿದ್ದ.

"ಪದ್ಧತಿ ಅಂದ್ರೆ ಪದ್ಧತಿ. ಕರಪತ್ರದಲ್ಲಿದೆ. ತಿನ್ನಿ."

ಬಿಸ್ಕತ್ತು ತಿಂದರು. ಎರಡು ನಿಮಿಷ, ಮೂರು ನಿಮಿಷ. ನಾಲ್ಕನೇ ನಿಮಿಷಕ್ಕೆ ಡಾಕ್ಟರ ಕೈಯಲ್ಲಿದ್ದ ಬಿಸ್ಕತ್ತು ಸಣ್ಣಗೆ ನಡುಗಿ ಪ್ಯಾಂಟಿನ ಮೇಲೆ ಪುಡಿ ಉದುರಿತು. ಆತ ಮುಂದಿನ ಗಾಜನ್ನೇ ನೋಡುತ್ತಿದ್ದ.

"ಅವತ್ತು ತಂತಿ ಎರಡು ಸಲ ಹೊರಳಿತಲ್ಲ," ಎಂದ. "ಮೂರನೇ ಸಲವೂ ಹೊರಳಿದ್ರೆ ನನ್ನ ಹತ್ರ ಬೇರೆ ದಾರಿ ಇರಲಿಲ್ಲ. ಯಾರಿಗೂ ಹೇಳಿಲ್ಲ ಇದನ್ನ."

ಬ್ರೇಕಕ್ಕ ತಿರುಗಿ ನೋಡಿದಳು. ಸಮಾಧಾನ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಪೊಟ್ಟಣ ಮುಂದೆ ಚಾಚಿದಳು.

"ಹಾಂ, ಬಂತು," ಎಂದಳು. "ಆರು ವಾರ ತಡ. ನಂಗಿಂತ ಮೋಸ ನೀವು. ಇನ್ನೊಂದು ತಗೊಳ್ಳಿ."

ಆತ ತೆಗೆದುಕೊಂಡ. ತಿಂದು ಮುಗಿಸಿ, ಕೈ ಕೊಡವಿ, ಬೆಲ್ಟು ಸರಿಮಾಡಿಕೊಂಡ.

"ಹೊರಡೋಣ. ಕನ್ನಡಿ ನೋಡಿ. ಇಂಡಿಕೇಟರ್ ಹಾಕಿ."

ಡಾಕ್ಟರು ಕನ್ನಡಿ ನೋಡಿ, ಗಂಭೀರವಾಗಿ ಸ್ಟಿಯರಿಂಗ್ ಪಕ್ಕದ ಕಡ್ಡಿ ಎಳೆದ. ಒಣಬಿಸಿಲಿನಲ್ಲಿ ವೈಪರುಗಳು ಎದ್ದು, ಅತ್ತಿಂದಿತ್ತ ಆಡತೊಡಗಿದವು.